ಪರವೂರಿನಲ್ಲಿ ಮೆಚ್ಚಿನ ಗಾಯಕರ ಕಾರ್ಯಕ್ರಮ ನೋಡುವುದು: ದಿನಾಂಕ ಹುಡುಕುವಲ್ಲಿಂದ ತಡರಾತ್ರಿ ಕೋಣೆಗೆ ಮರಳುವವರೆಗೆ

ತಾವೇ ಹಾಡು ಬರೆದು, ರಾಗ ಹಾಕಿ, ತಾವೇ ಹಾಡುವ ಕಲಾವಿದರನ್ನು ಬೇರೊಂದು ನಗರಕ್ಕೆ ಹೋದಾಗ ಎದುರಿಗೆ ಕುಳಿತು ಕೇಳಬೇಕೆಂದು ಹೊರಡುವವರಲ್ಲಿ ಹೆಚ್ಚಿನವರು ಸೋಲುವುದು ಟಿಕೆಟ್ ಸಿಗದೆ ಅಲ್ಲ. ಟಿಕೆಟ್ ಸಿಕ್ಕಿರುತ್ತದೆ, ಆದರೆ ದಿನಾಂಕವನ್ನು ತಪ್ಪಾಗಿ ಓದಿರುತ್ತಾರೆ, ಚೀಲವನ್ನು ಒಳಗೆ ಬಿಡುವುದಿಲ್ಲ, ಬಾಗಿಲಲ್ಲಿ ನಿಂತಾಗ ಫೋನಿನಲ್ಲಿ ಟಿಕೆಟ್ ತೆರೆಯುವುದಿಲ್ಲ, ಇಲ್ಲವೇ ಕೊನೆಯ ರೈಲಿಗಾಗಿ ಅರ್ಧಕ್ಕೇ ಎದ್ದು ಬರಬೇಕಾಗುತ್ತದೆ. ಇವೆಲ್ಲದರ ಮೂಲ ಬಹುಮಟ್ಟಿಗೆ ಒಂದೇ: ಕೆಲಸಗಳ ಕ್ರಮ ಹಿಂದುಮುಂದಾಗಿರುವುದು. ಪ್ರವಾಸದಲ್ಲಿ ಮಿಕ್ಕೆಲ್ಲವನ್ನೂ ಅತ್ತಿತ್ತ ಸರಿಸಬಹುದು. ಹಾಡುವವರು ವೇದಿಕೆ ಏರುವ ಗಂಟೆಯನ್ನು ಸರಿಸಲಾಗದು. ಆದ್ದರಿಂದ ಕಾರ್ಯಕ್ರಮವನ್ನು ಗೂಟದಂತೆ ನೆಟ್ಟು, ಉಳಿದದ್ದನ್ನೆಲ್ಲ ಅದಕ್ಕೆ ಕಟ್ಟಬೇಕು. ಕೆಳಗಿನ ಹಂತಗಳು ಆ ಕ್ರಮದಲ್ಲಿಯೇ ಇವೆ.

ಮೊದಲು ಕೈಯಲ್ಲಿರಬೇಕಾದವು

ಅಂತರರಾಷ್ಟ್ರೀಯ ವಹಿವಾಟಿಗೆ ತೆರೆದಿರುವ ಒಂದು ಕಾರ್ಡ್, ಒಟಿಪಿ ಬರುವ ಸಿಮ್ ರೋಮಿಂಗ್‌ನಲ್ಲಿಯೂ ಕೆಲಸ ಮಾಡುವುದೆಂಬ ಖಾತರಿ, ಭಾವಚಿತ್ರವಿರುವ ಮೂಲ ಗುರುತಿನ ದಾಖಲೆ, ಪವರ್ ಬ್ಯಾಂಕ್, ಕಿವಿಗೆ ಹಾಕುವ ಪ್ಲಗ್ ಮತ್ತು ಒಂದು ಚಿಕ್ಕ ಚೀಲ, ಇಷ್ಟಿದ್ದರೆ ಸಾಕು. ಇವುಗಳಲ್ಲಿ ಜನ ಮರೆಯುವುದು ಸಿಮ್ ವಿಷಯವನ್ನು. ಪರದೇಶದಲ್ಲಿ ಹೊಸ ಸಿಮ್ ಹಾಕಿಕೊಂಡು ಹಳೆಯದನ್ನು ತೆಗೆದಿಟ್ಟರೆ, ಟಿಕೆಟ್ ಖಾತೆಗೆ ಲಾಗಿನ್ ಆಗಲು ಬೇಕಾದ ಒಟಿಪಿ ಆ ತೆಗೆದಿಟ್ಟ ಸಿಮ್‌ಗೇ ಬರುತ್ತದೆ. ಎರಡು ಸಿಮ್ ಹಿಡಿಯುವ ಫೋನು, ಅಥವಾ ಹಳೆಯದನ್ನು ಹಾಗೆಯೇ ಇಟ್ಟುಕೊಂಡು ಹಾಕಿಸುವ ಇ-ಸಿಮ್, ಇದಕ್ಕೆ ಸರಳ ಪರಿಹಾರ.

ಹಂತ 1: ದಿನಾಂಕವನ್ನು ಹುಡುಕಿ, ಎರಡು ಕಡೆ ಖಚಿತಪಡಿಸಿಕೊಳ್ಳುವುದು

ಬ್ಯಾಂಡ್ಸ್‌ಇನ್‌ಟೌನ್, ಸಾಂಗ್‌ಕಿಕ್‌ನಂಥ ಸೇವೆಗಳಲ್ಲಿ ಕಲಾವಿದರ ಹೆಸರನ್ನೂ ನೀವು ಹೋಗುವ ನಗರವನ್ನೂ ಹಾಕಿಟ್ಟರೆ ಹೊಸ ದಿನಾಂಕ ಪ್ರಕಟವಾದಾಗ ಸೂಚನೆ ಬರುತ್ತದೆ. ಆದರೆ ಇವು ಸುಳಿವು ಮಾತ್ರ. ಅವುಗಳನ್ನೇ ನಂಬಿ ವಿಮಾನದ ಟಿಕೆಟ್ ಕೊಳ್ಳಬಾರದು. ಒಂದೇ ಹೆಸರಿನ ಇಬ್ಬರು ಕಲಾವಿದರಿದ್ದಾಗ ಒಬ್ಬರ ಕಾರ್ಯಕ್ರಮ ಇನ್ನೊಬ್ಬರ ಪುಟಕ್ಕೆ ಅಂಟಿಕೊಳ್ಳುವುದು ಇಂಥ ಪಟ್ಟಿಗಳಲ್ಲಿ ಆಗಾಗ ನಡೆಯುತ್ತದೆ. ಕಲಾವಿದರ ಸ್ವಂತ ಜಾಲತಾಣದ ಪ್ರವಾಸ ಪಟ್ಟಿಯಲ್ಲಿಯೂ ಸಭಾಂಗಣದ ಕಾರ್ಯಕ್ರಮ ಪಟ್ಟಿಯಲ್ಲಿಯೂ ಅದೇ ದಿನಾಂಕ ಕಂಡರೆ ಮಾತ್ರ ಮುಂದುವರಿಯಿರಿ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲವೆಂದಾದರೆ ಅದು ಎಚ್ಚರಿಕೆಯ ಮೊದಲ ಗಂಟೆ.

ಇಲ್ಲಿ ಮೂರು ಬಲೆಗಳಿವೆ. ಮೊದಲನೆಯದು ದಿನಾಂಕ ಬರೆಯುವ ಪದ್ಧತಿ. 04/05 ಎಂದರೆ ಅಮೆರಿಕದಲ್ಲಿ ಏಪ್ರಿಲ್ 5, ಬ್ರಿಟನ್ ಮತ್ತು ಯುರೋಪಿನ ಹೆಚ್ಚಿನ ಕಡೆ ಮೇ 4. ವಾರದ ಹೆಸರನ್ನು ಕ್ಯಾಲೆಂಡರಿನೊಂದಿಗೆ ಹೋಲಿಸಿದರೆ ಅರೆನಿಮಿಷದಲ್ಲಿ ಸಂಶಯ ಪರಿಹಾರವಾಗುತ್ತದೆ. ಎರಡನೆಯದು ಊರಿನ ಹೆಸರು. ಪೋರ್ಟ್‌ಲ್ಯಾಂಡ್ ಆರೆಗನ್ ರಾಜ್ಯದಲ್ಲಿಯೂ ಇದೆ, ಮೇನ್ ರಾಜ್ಯದಲ್ಲಿಯೂ ಇದೆ, ಎರಡರ ನಡುವೆ ಇಡೀ ಅಮೆರಿಕ ಖಂಡವೇ ಇದೆ. ಬರ್ಮಿಂಗ್‌ಹ್ಯಾಮ್ ಇಂಗ್ಲೆಂಡಿನಲ್ಲೂ ಅಲಬಾಮದಲ್ಲೂ ಇದೆ, ಕೇಂಬ್ರಿಜ್ ಇಂಗ್ಲೆಂಡಿನಲ್ಲೂ ಮಸಾಚುಸೆಟ್ಸ್‌ನಲ್ಲೂ ಇದೆ, ಕೆನಡಾದ ಒಂಟಾರಿಯೊದಲ್ಲಿಯೂ ಒಂದು ಲಂಡನ್ ಇದೆ. ಮೂರನೆಯದು ಒಂದೇ ಕಟ್ಟಡದ ಎರಡು ಸಭಾಂಗಣ: ದೊಡ್ಡದು ಕೆಳಗೆ, ನೂರು ಜನರ ಕೋಣೆ ಮಹಡಿಯ ಮೇಲೆ, ಪ್ರವೇಶದ್ವಾರ ಹಿಂಬದಿಯ ಬೀದಿಯಲ್ಲಿ. ಗಿಟಾರ್ ಹಿಡಿದು ಒಬ್ಬರೇ ಹಾಡುವವರ ಕಾರ್ಯಕ್ರಮ ಸಾಮಾನ್ಯವಾಗಿ ಆ ಚಿಕ್ಕ ಕೋಣೆಯಲ್ಲಿಯೇ ಇರುತ್ತದೆ.

ಹಂತ 2: ಟಿಕೆಟ್ ಕೊಳ್ಳುವ ಮುನ್ನ ಸಭಾಂಗಣದ ನಿಯಮಗಳನ್ನು ಓದುವುದು

ಇದನ್ನು ಟಿಕೆಟ್ ಕೊಂಡ ಮೇಲೆ ಓದುವವರೇ ಹೆಚ್ಚು. ವಯೋಮಿತಿ, ಚೀಲದ ಅಳತೆ, ಆಸನ ಇದೆಯೇ ಅಥವಾ ನಿಂತು ನೋಡಬೇಕೇ, ಒಮ್ಮೆ ಹೊರಬಂದರೆ ಮತ್ತೆ ಒಳಗೆ ಬಿಡುತ್ತಾರೆಯೇ ಎಂಬ ನಾಲ್ಕು ವಿಷಯಗಳನ್ನು ಮೊದಲೇ ನೋಡಿಕೊಳ್ಳಬೇಕು. ಮದ್ಯ ಮಾರುವ ಚಿಕ್ಕ ಕ್ಲಬ್ಬುಗಳಲ್ಲಿ 18 ವರ್ಷದ ಮಿತಿ ಸಾಮಾನ್ಯ. ಅಮೆರಿಕದ ಎಷ್ಟೋ ಕಡೆ ಅದು 21. ಮಕ್ಕಳನ್ನು ಕರೆದೊಯ್ಯುವವರು ಇದೊಂದನ್ನು ನೋಡದೆ ಬಾಗಿಲಿನಿಂದಲೇ ಮರಳುತ್ತಾರೆ, ಟಿಕೆಟಿನ ಹಣವೂ ವಾಪಸು ಬರುವುದಿಲ್ಲ.

ಕೆಲವು ಕೋಣೆಗಳು ಹಾಡು ಕೇಳುವುದಕ್ಕೆಂದೇ ಮೀಸಲಾದವು. ಅಮೆರಿಕದ ನ್ಯಾಶ್‌ವಿಲ್‌ನ ಬ್ಲೂಬರ್ಡ್ ಕೆಫೆ ಇದಕ್ಕೆ ಹೆಸರಾದದ್ದು: ಸುಮಾರು 90 ಆಸನಗಳು, ಹಾಡಿನ ನಡುವೆ ಮಾತಾಡಿದರೆ ಸುಮ್ಮನಿರಿ ಎಂದು ಹೇಳಿಸಿಕೊಳ್ಳಬೇಕಾಗುತ್ತದೆ. ಇಂಥ ಕಡೆ ಮೂರು ನಾಲ್ಕು ಗೀತರಚನೆಕಾರರು ಒಟ್ಟಿಗೆ ಕುಳಿತು ಸರದಿಯಂತೆ ಒಂದೊಂದು ಹಾಡು ಹಾಡುವ ಪದ್ಧತಿಯೂ ಇದೆ. ನಿಮ್ಮ ಮೆಚ್ಚಿನವರ ಹೆಸರು ಅಂಥ ಪಟ್ಟಿಯಲ್ಲಿದ್ದರೆ ಅವರು ಹಾಡುವುದು ಐದೋ ಆರೋ ಹಾಡು. ಪೂರ್ಣ ಕಾರ್ಯಕ್ರಮವೆಂದು ತಿಳಿದು ದೂರದಿಂದ ಬಂದರೆ ನಿರಾಸೆಯಾದೀತು. ನನ್ನ ಮಟ್ಟಿಗಂತೂ ಆ ಐದಾರು ಹಾಡು, ಅವುಗಳ ಹಿಂದಿನ ಮಾತು, ದೊಡ್ಡ ಸಭಾಂಗಣದ ಎರಡು ಗಂಟೆಗಿಂತ ಮೇಲು.

ಹಂತ 3: ಟಿಕೆಟ್ ಕೊಳ್ಳುವುದು

ಮಾರಾಟ ಆರಂಭವಾಗುವ ಸಮಯ ಸಾಮಾನ್ಯವಾಗಿ ಆ ನಗರದ ಗಡಿಯಾರದ್ದು, ನಿಮ್ಮದಲ್ಲ. ಲೆಕ್ಕ ಹಾಕುವಾಗ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೂಡುವ ಅಲ್ಲಿನ ಪದ್ಧತಿಯನ್ನು ಮರೆಯಬಾರದು. ಅಮೆರಿಕ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರ ಮುಂದೂಡಿದರೆ, ಯುರೋಪ್ ಅದೇ ತಿಂಗಳ ಕೊನೆಯ ಭಾನುವಾರ ಮುಂದೂಡುತ್ತದೆ. ನಡುವಿನ ಎರಡು ಮೂರು ವಾರ ಲಂಡನ್ ಮತ್ತು ನ್ಯೂಯಾರ್ಕ್ ನಡುವಿನ ಅಂತರ 5 ಗಂಟೆಯಲ್ಲ, 4 ಗಂಟೆ. ಆ ಒಂದು ಗಂಟೆಯಲ್ಲಿ ಇನ್ನೂರು ಆಸನಗಳ ಸಭಾಂಗಣ ತುಂಬಿಹೋಗಲು ಅಡ್ಡಿಯಿಲ್ಲ.

ಸಾರ್ವಜನಿಕ ಮಾರಾಟಕ್ಕೆ ಒಂದೆರಡು ದಿನ ಮೊದಲು ಕಲಾವಿದರ ಇಮೇಲ್ ಪಟ್ಟಿಯಲ್ಲಿರುವವರಿಗೆ ಸಂಕೇತಪದ ಕಳುಹಿಸಿ ಮುಂಗಡ ಮಾರಾಟ ನಡೆಸುವುದುಂಟು. ಪ್ರವಾಸದ ಯೋಚನೆ ಬಂದ ದಿನವೇ ಆ ಪಟ್ಟಿಗೆ ಸೇರಿಕೊಳ್ಳುವುದು ಒಳ್ಳೆಯದು. ಮಾರಾಟದ ಹಿಂದಿನ ದಿನ ಟಿಕೆಟ್ ತಾಣದಲ್ಲಿ ಖಾತೆ ತೆರೆದು, ವಿಳಾಸ ಮತ್ತು ಕಾರ್ಡಿನ ವಿವರ ತುಂಬಿಸಿಡಬೇಕು. ಹಣ ಕಟ್ಟುವಾಗ ನಿಮ್ಮ ದೇಶದ ಕರೆನ್ಸಿಯಲ್ಲಿ ಪಾವತಿಸುವಿರಾ ಎಂದು ಕೇಳಿದರೆ ಬೇಡವೆಂದು, ಸ್ಥಳೀಯ ಕರೆನ್ಸಿಯನ್ನೇ ಆರಿಸಿಕೊಳ್ಳಿ. ಪರಿವರ್ತನೆಯ ದರವನ್ನು ಮಾರಾಟಗಾರರ ಕಡೆಯವರು ನಿಗದಿಪಡಿಸಿದರೆ ಅದು ಸಾಮಾನ್ಯವಾಗಿ ಬ್ಯಾಂಕಿನ ದರಕ್ಕಿಂತ ದುಬಾರಿ.

ಟಿಕೆಟ್ ಕಾಗದದಲ್ಲಿ ಅಂಚೆಯ ಮೂಲಕ ಮಾತ್ರ ಬರುವುದಾದರೆ ಪರದೇಶದವರಿಗೆ ಅದು ಅಪಾಯದ ಆಯ್ಕೆ. ಟಿಕೆಟ್ ಕೌಂಟರಿನಲ್ಲಿ ಪಡೆಯುವ ಅವಕಾಶವಿದ್ದರೆ ಅದನ್ನು ಆರಿಸಿಕೊಂಡು, ಕೊಳ್ಳಲು ಬಳಸಿದ ಅದೇ ಕಾರ್ಡನ್ನೂ ಗುರುತಿನ ದಾಖಲೆಯನ್ನೂ ಜೊತೆಗೊಯ್ಯಬೇಕು. ಟಿಕೆಟಿನ ಮೇಲಿನ ಹೆಸರು ಪಾಸ್‌ಪೋರ್ಟಿನಲ್ಲಿರುವ ಹಾಗೆಯೇ ಇರಲಿ. ಮನೆಯಲ್ಲಿ ಕರೆಯುವ ಹೆಸರು ಇಲ್ಲಿ ಕೆಲಸಕ್ಕೆ ಬಾರದು.

ಹಂತ 4: ಟಿಕೆಟ್ ಮುಗಿದಿದ್ದರೆ

ಮುಗಿದಿದೆ ಎಂಬ ಫಲಕ ಕಂಡ ಕೂಡಲೇ ಮರುಮಾರಾಟದ ತಾಣಗಳಿಗೆ ಓಡುವುದು ಎಲ್ಲರೂ ಮಾಡುವ ತಪ್ಪು. ಕಲಾವಿದರ ಅತಿಥಿಗಳಿಗೆ, ತಾಂತ್ರಿಕ ತಂಡಕ್ಕೆ, ಧ್ವನಿ ಉಪಕರಣಗಳ ಜಾಗಕ್ಕೆಂದು ಕಾದಿರಿಸಿದ ಆಸನಗಳಲ್ಲಿ ಬೇಡವಾದವು ಕಾರ್ಯಕ್ರಮದ ಹಿಂದಿನ ಕೆಲವು ದಿನಗಳಲ್ಲಿ, ಕೆಲವೊಮ್ಮೆ ಅದೇ ದಿನ ಮಧ್ಯಾಹ್ನ, ಮೂಲ ಬೆಲೆಗೇ ಮಾರಾಟಕ್ಕೆ ಬರುತ್ತವೆ. ಆದ್ದರಿಂದ ಮೊದಲು ಅಧಿಕೃತ ತಾಣದ ಕಾಯುವ ಪಟ್ಟಿಗೆ ಸೇರಿ, ಆಮೇಲೆ ಮೂಲ ಬೆಲೆಯ ಆಸುಪಾಸಿನಲ್ಲಿ ಮಾತ್ರ ಮರುಮಾರಾಟಕ್ಕೆ ಅವಕಾಶವಿರುವ ತಾಣಗಳನ್ನು ನೋಡಿ, ಕೊನೆಯದಾಗಿ ಸಭಾಂಗಣಕ್ಕೇ ಫೋನ್ ಮಾಡಿ. ಫೋನ್ ಮಾಡುವುದಕ್ಕೆ ನಾಚಬೇಕಿಲ್ಲ. ಚಿಕ್ಕ ಸಭಾಂಗಣಗಳಲ್ಲಿ ಕೌಂಟರಿನಲ್ಲಿ ಕುಳಿತವರೇ ಫೋನೂ ಎತ್ತುತ್ತಾರೆ, ಎಷ್ಟು ಗಂಟೆಗೆ ಬಂದು ಸಾಲಿನಲ್ಲಿ ನಿಂತರೆ ಸಿಕ್ಕೀತು ಎಂದು ಹೇಳಿಬಿಡುತ್ತಾರೆ. ಐರ್ಲೆಂಡ್ 2021ರಲ್ಲಿ ಕಾನೂನು ಮಾಡಿ, ದೊಡ್ಡ ಕಾರ್ಯಕ್ರಮಗಳ ಟಿಕೆಟನ್ನು ಮೂಲ ಬೆಲೆಗಿಂತ ಹೆಚ್ಚಿಗೆ ಮರುಮಾರಾಟ ಮಾಡುವುದನ್ನು ನಿಷೇಧಿಸಿತು. ಎಲ್ಲ ದೇಶಗಳಲ್ಲಿ ಆ ರಕ್ಷಣೆ ಇಲ್ಲ.

ನಕಲಿ ಟಿಕೆಟಿನ ಲಕ್ಷಣಗಳು ಹೀಗಿರುತ್ತವೆ. ಮಾರುವವರು ಸ್ಕ್ರೀನ್‌ಶಾಟ್ ಕಳುಹಿಸುತ್ತೇನೆ ಎನ್ನುತ್ತಾರೆ, ಆ್ಯಪ್ ಮೂಲಕ ವರ್ಗಾಯಿಸಲು ಒಪ್ಪುವುದಿಲ್ಲ. ಮಾರಾಟ ಆರಂಭವಾಗುವ ಮುನ್ನವೇ ಟಿಕೆಟ್ ತಮ್ಮ ಬಳಿ ಇದೆಯೆನ್ನುತ್ತಾರೆ. ಆಸನಗಳೇ ಇಲ್ಲದ ಸಭಾಂಗಣಕ್ಕೆ ಆಸನದ ಸಂಖ್ಯೆ ಹೇಳುತ್ತಾರೆ. ಹಿಂಪಡೆಯಲು ದಾರಿಯಿಲ್ಲದಂತೆ ಹಣವನ್ನು ನೇರ ಖಾತೆಗೇ ಹಾಕಬೇಕೆಂದು ಅವಸರಪಡಿಸುತ್ತಾರೆ. ಇವುಗಳಲ್ಲಿ ಒಂದು ಕಂಡರೂ ಹಿಂದೆ ಸರಿಯುವುದೇ ಕ್ಷೇಮ. ಟಿಕೆಟ್‌ಮಾಸ್ಟರ್‌ನಂಥ ಆ್ಯಪ್‌ಗಳಲ್ಲಿ ಬಾರ್‌ಕೋಡ್ ಕೆಲವೇ ಸೆಕೆಂಡುಗಳಿಗೊಮ್ಮೆ ಬದಲಾಗುವುದರಿಂದ ಅದರ ಸ್ಕ್ರೀನ್‌ಶಾಟಿಗೆ ಬಾಗಿಲಲ್ಲಿ ಮೂರು ಕಾಸಿನ ಬೆಲೆಯಿಲ್ಲ.

ಎಲ್ಲಿಯೂ ಸಿಗದಿದ್ದರೆ ಇನ್ನೊಂದು ದಾರಿ ಉಂಟು. ಸೋಫಾರ್ ಸೌಂಡ್ಸ್ ಎಂಬ ಸಂಸ್ಥೆ ಹಲವು ನಗರಗಳಲ್ಲಿ ಮನೆ, ಅಂಗಡಿ, ಕಾರ್ಯಾಲಯಗಳಂಥ ಜಾಗಗಳಲ್ಲಿ ಚಿಕ್ಕ ಕಾರ್ಯಕ್ರಮಗಳನ್ನು ಏರ್ಪಡಿಸುತ್ತದೆ. ಯಾರು ಹಾಡುತ್ತಾರೆಂಬುದು ಅಲ್ಲಿಗೆ ಹೋಗುವವರೆಗೆ ಸಾಮಾನ್ಯವಾಗಿ ಗುಟ್ಟು. ಮೆಚ್ಚಿನವರೇ ಸಿಗಲಾರರು, ಆದರೆ ಹೊಸಬರೊಬ್ಬರು ಸಿಕ್ಕಾರು.

ಹಂತ 5: ಪ್ರಯಾಣ ಮತ್ತು ವಸತಿ

ಟಿಕೆಟ್ ಖಾತೆಯಲ್ಲಿ ಕಾಣಿಸಿದ ಮೇಲೆಯೇ ವಿಮಾನ, ರೈಲು, ಕೋಣೆ. ಕಾರ್ಯಕ್ರಮದ ದಿನವೇ ಆ ನಗರ ಮುಟ್ಟುವ ಯೋಜನೆ ಬೇಡ. ಹಿಂದಿನ ದಿನ ಸಂಜೆಯೊಳಗೆ ತಲುಪಿರಬೇಕು. ಮಧ್ಯಾಹ್ನ ಇಳಿದು ಸಂಜೆಗೆ ಸಭಾಂಗಣ ಸೇರುವ ಲೆಕ್ಕ ಹಾಕಿ ನಾನೊಮ್ಮೆ ಹೊರಟಿದ್ದೆ. ರೈಲು ತಡವಾಯಿತು, ಕೋಣೆಗೆ ಹೋಗಲು ಸಮಯವಿಲ್ಲದೆ ಸಾಮಾನಿನೊಂದಿಗೆ ನೇರ ಬಾಗಿಲಿಗೆ ಬಂದೆ. ಬಾಗಿಲಲ್ಲಿದ್ದ ಹುಡುಗಿ ಎ4 ಅಳತೆಯ ರಟ್ಟಿನ ಚೌಕಟ್ಟೊಂದನ್ನು ಎತ್ತಿ ನನ್ನ ಬೆನ್ನುಚೀಲಕ್ಕೆ ಹಿಡಿದಳು. ಚೀಲ ನಾಲ್ಕು ಬೆರಳು ಹೆಚ್ಚಿತ್ತು. ಅವಳು ಕೆಟ್ಟದಾಗಿ ಏನೂ ಹೇಳಲಿಲ್ಲ, ಎದುರಿನ ಬೀದಿಯತ್ತ ಕೈ ತೋರಿಸಿ, ನಿಲ್ದಾಣದಲ್ಲಿ ಲಾಕರ್ ಇದೆ ಎಂದಳು. ಲಾಕರ್ ಹುಡುಕಿ ಮರಳುವಷ್ಟರಲ್ಲಿ ಕಾರ್ಯಕ್ರಮ ಅರ್ಧ ಮುಗಿದಿತ್ತು. ಚೀಲದ ನಿಯಮ ಟಿಕೆಟಿನ ಇಮೇಲಿನಲ್ಲಿಯೇ, ಮೂರನೆಯ ಸಾಲಿನಲ್ಲಿತ್ತು.

ಮರುದಿನದ ಪ್ರಯಾಣವೂ ನಸುಕಿನಲ್ಲಿ ಇರದಿರಲಿ. ಕೋಣೆಯನ್ನು ನೋಡತಕ್ಕ ಸ್ಥಳಗಳಿಗೆ ಹತ್ತಿರವೆಂದು ಆರಿಸುವುದಕ್ಕಿಂತ, ರಾತ್ರಿ ಹನ್ನೊಂದರ ಮೇಲೆ ಸಭಾಂಗಣದಿಂದ ನಡೆದೋ ನೇರ ಬಸ್ಸಿನಲ್ಲೋ ಬರಬಹುದಾದ ಕಡೆ ಹಿಡಿಯುವುದು ಜಾಣತನ. ಕೋಣೆ ರದ್ದು ಮಾಡಿದರೆ ಹಣ ಮರಳುವಂಥದ್ದೇ ಆಗಿರಬೇಕು, ಏಕೆಂದರೆ ಕಾರ್ಯಕ್ರಮ ರದ್ದಾದರೆ ಮಾರಾಟಗಾರರು ಟಿಕೆಟಿನ ಹಣ ಕೊಟ್ಟಾರೇ ಹೊರತು ನಿಮ್ಮ ಪ್ರಯಾಣದ ಖರ್ಚನ್ನಲ್ಲ. ಮುಂದೂಡಿಕೆಯಾದರೆ ಹಳೆಯ ಟಿಕೆಟ್ ಹೊಸ ದಿನಾಂಕಕ್ಕೆ ಸಲ್ಲುತ್ತದೆ. ಹಣ ವಾಪಸು ಬೇಕಾದವರಿಗೆ ಕೆಲವು ದಿನಗಳ ಗಡುವು ಕೊಟ್ಟಿರುತ್ತಾರೆ, ಆ ಇಮೇಲನ್ನು ಓದದೆ ಬಿಟ್ಟರೆ ಗಡುವು ಕಳೆದುಹೋಗುತ್ತದೆ.

ಹಂತ 6: ಹಿಂದಿನ ದಿನ

ಕಲಾವಿದರ ಸಾಮಾಜಿಕ ಜಾಲತಾಣದ ಪುಟವನ್ನೂ ಸಭಾಂಗಣದ ಪುಟವನ್ನೂ ನೋಡಿ. ಒಬ್ಬರೇ ಹಾಡುವ ಕಾರ್ಯಕ್ರಮದಲ್ಲಿ ಗಂಟಲು ಕೆಟ್ಟರೆ ಬದಲಿಗೆ ಹಾಡಲು ಯಾರೂ ಇರುವುದಿಲ್ಲ. ಹಿಂದಿನ ಊರಿನ ಕಾರ್ಯಕ್ರಮ ರದ್ದಾಗಿದ್ದರೆ ನಿಮ್ಮದೂ ಅನುಮಾನವೆಂದು ತಿಳಿದು ಸುದ್ದಿಗೆ ಕಿವಿ ಕೊಟ್ಟಿರಬೇಕು.

ಟಿಕೆಟನ್ನು ಆ್ಯಪ್‌ನಲ್ಲಿ ತೆರೆದು, ಸಾಧ್ಯವಿದ್ದರೆ ಫೋನಿನ ವಾಲೆಟ್‌ಗೆ ಸೇರಿಸಿ. ಜೊತೆಗೆ ಬರುವವರ ಟಿಕೆಟನ್ನು ಅವರ ಫೋನಿಗೇ ವರ್ಗಾಯಿಸಿಬಿಡಿ. ಇಬ್ಬರ ಟಿಕೆಟೂ ಒಬ್ಬರ ಫೋನಿನಲ್ಲಿದ್ದು, ಆ ಒಬ್ಬರು ತಡವಾಗಿ ಬಂದರೆ ಇಬ್ಬರೂ ಹೊರಗೇ. ಕೆಲವು ಆ್ಯಪ್‌ಗಳಲ್ಲಿ ಕೋಡ್ ಕಾರ್ಯಕ್ರಮಕ್ಕೆ ಕೆಲವು ಗಂಟೆ ಮೊದಲಷ್ಟೇ ಕಾಣಿಸುತ್ತದೆ. ಹಿಂದಿನ ದಿನ ಕಾಣಲಿಲ್ಲವೆಂದು ಗಾಬರಿಯಾಗಬೇಕಿಲ್ಲ.

ಕೊನೆಯ ರೈಲು ಅಥವಾ ಬಸ್ಸಿನ ಸಮಯ, ಸಭಾಂಗಣದ ವಿಳಾಸ, ಕೋಣೆಯ ವಿಳಾಸ ಇವನ್ನು ಒಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಹಳೆಯ ಕಾಲದವರ ಹಾಗೆ ಕಾಣಬಹುದು, ಆದರೆ ಕೆಲವು ಕಲಾವಿದರ ಕಾರ್ಯಕ್ರಮಗಳಲ್ಲಿ ಬಾಗಿಲಿನಲ್ಲಿಯೇ ಫೋನನ್ನು ಬೀಗದ ಚೀಲಕ್ಕೆ ಹಾಕಿ ಕೊಡುತ್ತಾರೆ. ಚೀಲ ನಿಮ್ಮ ಬಳಿಯೇ ಇರುತ್ತದೆ, ಮುಗಿಯುವವರೆಗೆ ತೆರೆಯುವುದಿಲ್ಲ.

ಹಂತ 7: ಸಂಜೆ, ಬಾಗಿಲ ಬಳಿ

ಟಿಕೆಟಿನ ಮೇಲಿರುವ ಸಮಯ ಯಾವುದೆಂದು ಅರಿಯಬೇಕು. ಕ್ಲಬ್ಬುಗಳಲ್ಲಿ ಅದು ಬಹುತೇಕ ಬಾಗಿಲು ತೆರೆಯುವ ಸಮಯ. ಬಾಗಿಲು 7ಕ್ಕೆ ತೆರೆದರೆ, 8ರ ಸುಮಾರಿಗೆ ಆರಂಭದ ಗಾಯಕರು, 9ರ ಸುಮಾರಿಗೆ ಮುಖ್ಯ ಗಾಯಕರು ಬರುವುದು ಸಾಮಾನ್ಯ ಕ್ರಮ. ಆಸನವಿರುವ ರಂಗಮಂದಿರಗಳಲ್ಲಿ ಮಾತ್ರ 7.30 ಎಂದರೆ 7.30, ತಡವಾಗಿ ಬಂದವರನ್ನು ಹಾಡು ಮುಗಿಯುವವರೆಗೆ, ಕೆಲವು ಕಡೆ ವಿರಾಮದವರೆಗೆ, ಹೊರಗೆ ನಿಲ್ಲಿಸುತ್ತಾರೆ. ಬಹಳಷ್ಟು ಸಭಾಂಗಣಗಳು ಆ ದಿನದ ಸಮಯಪಟ್ಟಿಯನ್ನು ಮಧ್ಯಾಹ್ನವೇ ಪ್ರಕಟಿಸುತ್ತವೆ. ಸೆಟ್‌ಲಿಸ್ಟ್ ಡಾಟ್ ಎಫ್‌ಎಂ ತಾಣದಲ್ಲಿ ಅದೇ ಪ್ರವಾಸದ ಹಿಂದಿನ ಊರುಗಳಲ್ಲಿ ಎಷ್ಟು ಹಾಡು ಹಾಡಿದರೆಂದು ನೋಡಿದರೆ ಎಷ್ಟು ಹೊತ್ತಿಗೆ ಮುಗಿದೀತೆಂಬ ಅಂದಾಜೂ ಸಿಗುತ್ತದೆ. ಹಾಡುಗಳ ಪಟ್ಟಿಯನ್ನು ಮೊದಲೇ ಓದಿ ಕುತೂಹಲ ಕೆಡಿಸಿಕೊಳ್ಳಬಾರದೆನ್ನುವವರು ಎಣಿಕೆಯನ್ನಷ್ಟೇ ನೋಡಿ ಪುಟ ಮುಚ್ಚಲಿ.

ಆಸನ ಸಂಖ್ಯೆಯಿಲ್ಲದ ಕಡೆ ಬಾಗಿಲು ತೆರೆಯುವುದಕ್ಕೆ ಅರ್ಧ ಗಂಟೆ ಮೊದಲು ಬಂದರೆ ಒಳ್ಳೆಯ ಜಾಗ ಸಿಗುತ್ತದೆ. ಸಾಲಿನಲ್ಲಿ ನಿಂತಾಗಲೇ ಟಿಕೆಟ್ ತೆರೆದು, ಪರದೆಯ ಬೆಳಕು ಹೆಚ್ಚಿಸಿಡಿ. ಮಂದ ಪರದೆಯನ್ನು ಸ್ಕ್ಯಾನರ್ ಓದದೆ, ಹಿಂದೆ ಮೂವತ್ತು ಜನ ನಿಂತಿರುವಾಗ ಬೆರಳು ನಡುಗಿಸುತ್ತ ಸೆಟ್ಟಿಂಗ್ಸ್ ಹುಡುಕುವ ಪಾಡು ಬೇಡ. ಲೆನ್ಸ್ ಬದಲಿಸಬಹುದಾದ ಕ್ಯಾಮೆರಾಗಳನ್ನು ಬಹುಪಾಲು ಕಡೆ ಒಳಗೆ ಬಿಡುವುದಿಲ್ಲ, ಕೋಣೆಯಲ್ಲಿಯೇ ಬಿಟ್ಟುಬನ್ನಿ.

ಹಂತ 8: ಒಳಗೆ

ಎಲ್ಲರೂ ವೇದಿಕೆಯ ಅಂಚಿಗೆ ನುಗ್ಗುತ್ತಾರೆ. ಮುಖ ಕಾಣಬೇಕೆಂದರೆ ಅದು ಸರಿ. ಪದ ಕೇಳಬೇಕೆಂದರೆ ಅಲ್ಲ. ಸಭಿಕರಿಗಾಗಿ ಇಟ್ಟ ದೊಡ್ಡ ಸ್ಪೀಕರುಗಳು ಎರಡು ಪಕ್ಕಗಳಲ್ಲಿದ್ದು ಹಿಂದಿನವರತ್ತ ಮುಖ ಮಾಡಿರುವುದರಿಂದ, ತೀರ ಮುಂದೆ ನಡುವೆ ನಿಂತವರಿಗೆ ಗಾಯಕರ ಮಾತಿಗಿಂತ ವಾದ್ಯಗಳೇ ಹೆಚ್ಚು ಕೇಳುವುದುಂಟು. ಸಭಾಂಗಣದ ನಡುವಿನಲ್ಲಿ ಅಥವಾ ಹಿಂಬದಿಯಲ್ಲಿ ಗುಂಡಿಗಳ ಮೇಜು ಹರಡಿಕೊಂಡು ಕುಳಿತಿರುವ ಧ್ವನಿ ತಂತ್ರಜ್ಞರು ತಮ್ಮ ಕಿವಿಗೆ ಸರಿಯೆನಿಸುವಂತೆ ಇಡೀ ಧ್ವನಿಯನ್ನು ಹದಗೊಳಿಸಿರುತ್ತಾರೆ. ಅವರ ಮುಂದೆ ಎರಡು ಮೂರು ಹೆಜ್ಜೆ ದೂರದಲ್ಲಿ ನಿಂತರೆ ಸಾಹಿತ್ಯದ ಒಂದೊಂದು ಪದವೂ ಸ್ಪಷ್ಟ. ಹಾಡಿನ ಸಾಹಿತ್ಯಕ್ಕಾಗಿಯೇ ಇಷ್ಟು ದೂರ ಬಂದವರಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇರಿಲ್ಲ.

ಒಂಟಿ ಗಿಟಾರಿನ ಕಾರ್ಯಕ್ರಮಕ್ಕೆ ಕಿವಿಯ ಪ್ಲಗ್ ಏಕೆ ಎನ್ನಬಹುದು. ಆರಂಭದ ಗಾಯಕರು ಡ್ರಮ್ಸ್ ತಂಡದೊಂದಿಗೆ ಬಂದಿರಬಹುದು, ಮುಖ್ಯ ಗಾಯಕರೂ ಕೊನೆಯ ಹೊತ್ತಿಗೆ ತಂಡವನ್ನು ಕರೆಯಬಹುದು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ಸ್ಥಳಗಳಿಗೆ ಸೂಚಿಸಿದ ಮಿತಿ 15 ನಿಮಿಷಗಳ ಸರಾಸರಿಯಲ್ಲಿ 100 ಡೆಸಿಬಲ್. ಅಮೆರಿಕದ ಔದ್ಯೋಗಿಕ ಸುರಕ್ಷತೆಯ ಸಂಶೋಧನಾ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬಲ್ ಶಬ್ದವನ್ನು ದಿನಕ್ಕೆ 8 ಗಂಟೆ ಕೇಳಬಹುದು, ಪ್ರತಿ 3 ಡೆಸಿಬಲ್ ಏರಿದಂತೆ ಸಮಯ ಅರ್ಧಕ್ಕಿಳಿಯುತ್ತದೆ. ಹಾಗೆ ಇಳಿಯುತ್ತ ಬಂದರೆ 100 ಡೆಸಿಬಲ್‌ಗೆ ಉಳಿಯುವುದು 15 ನಿಮಿಷ. ಸ್ಪಂಜಿನ ಪ್ಲಗ್ ಪದಗಳನ್ನು ಮಂಕಾಗಿಸುತ್ತದೆ. ಸಂಗೀತಗಾರರು ಬಳಸುವ ಫಿಲ್ಟರ್ ಇರುವ ಪ್ಲಗ್ ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುತ್ತದೆ. ಹೊರಬಂದ ಮೇಲೆ ಕಿವಿಯಲ್ಲಿ ಗುಂಯ್‌ಗುಡುವುದು ಪ್ಲಗ್ ಹಾಕಬೇಕಿತ್ತೆಂಬುದರ ಗುರುತು.

ಇಂಥ ಕಾರ್ಯಕ್ರಮದಲ್ಲಿ ಹಾಡುಗಳ ನಡುವೆ ಮೌನ ಬರುತ್ತದೆ. ಗಾಯಕರು ತಂತಿಗಳ ಶ್ರುತಿ ಬದಲಿಸುತ್ತಿರುತ್ತಾರೆ, ಕ್ಯಾಪೊ ಎಂಬ ಚಿಕ್ಕ ಕ್ಲಿಪ್ಪನ್ನು ಗಿಟಾರಿನ ಕತ್ತಿನಲ್ಲಿ ಒಂದು ಮನೆ ಮೇಲಕ್ಕೋ ಕೆಳಕ್ಕೋ ಸರಿಸುತ್ತಿರುತ್ತಾರೆ, ಆ ಹೊತ್ತಿನಲ್ಲಿಯೇ ಹಾಡು ಹುಟ್ಟಿದ ಸಂದರ್ಭವನ್ನು ಹೇಳುತ್ತಾರೆ. ಆ ಮೌನವನ್ನು ವಿರಾಮವೆಂದು ತಿಳಿದು ಪಕ್ಕದವರೊಡನೆ ಮಾತಿಗಿಳಿಯುವುದು, ಇಂಥ ಹಾಡು ಹಾಡಿ ಎಂದು ಕೂಗುವುದು, ಎರಡೂ ಸಲ್ಲದು. ಮೆಲುಹಾಡಿಗೆ ತಾಳ ಹಾಕುವುದೂ ಹಾಗೆಯೇ, ಅದಕ್ಕೆ ಭೌತಿಕ ಕಾರಣವೇ ಇದೆ: ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. 30 ಮೀಟರ್ ಹಿಂದೆ ಕುಳಿತವರನ್ನು ಹಾಡು ತಲುಪುವುದು ತಡ, ಅವರ ಚಪ್ಪಾಳೆ ವೇದಿಕೆಗೆ ಮರಳುವುದು ಇನ್ನೂ ತಡ. ಒಟ್ಟು ಸೆಕೆಂಡಿನ ಆರನೆಯ ಒಂದು ಭಾಗದಷ್ಟು ಹಿಂದೆ ಬೀಳುವ ಆ ತಾಳ ಒಬ್ಬರೇ ಗಿಟಾರ್ ನುಡಿಸುವವರ ಲಯವನ್ನು ಎಳೆದುಬಿಡುತ್ತದೆ. ಅವರೇ ಕೈ ಎತ್ತಿ ಕರೆದಾಗ ಧಾರಾಳವಾಗಿ ಹಾಕಿ.

ಚಿತ್ರ ಬೇಕಿದ್ದರೆ ಮೊದಲ ಹಾಡಿನಲ್ಲಿ ಒಂದೆರಡು, ಫ್ಲ್ಯಾಶ್ ಇಲ್ಲದೆ, ಎದೆಯ ಮಟ್ಟದಲ್ಲಿ ಫೋನ್ ಹಿಡಿದು ತೆಗೆದು ಒಳಗಿಟ್ಟುಬಿಡಿ.

ಹಂತ 9: ಮುಗಿದ ಮೇಲೆ

ಬಾಗಿಲ ಬಳಿಯ ಮೇಜಿನಲ್ಲಿ ಧ್ವನಿಮುದ್ರಿಕೆ, ಅಂಗಿ ಮಾರುತ್ತಿರುತ್ತಾರೆ. ಚಿಕ್ಕ ಕಾರ್ಯಕ್ರಮಗಳಲ್ಲಿ ಆರಂಭದ ಗಾಯಕರು ತಾವೇ ಅಲ್ಲಿ ನಿಂತಿರುವುದುಂಟು. ಕೊಳ್ಳುವುದಿದ್ದರೆ ಕೊನೆಯಲ್ಲಿ ನುಗ್ಗಲಾಗುವ ಮೊದಲು, ಇಬ್ಬರು ಗಾಯಕರ ನಡುವಿನ ಬಿಡುವಿನಲ್ಲಿ ಹೋಗಿ. ವಿನೈಲ್ ತಟ್ಟೆಯ ಅಗಲ 12 ಇಂಚು, ಹೊದಿಕೆ ಅದಕ್ಕಿಂತ ತುಸು ದೊಡ್ಡದು. ಎ4 ಚೀಲಕ್ಕೆ ಅದು ಹಿಡಿಸದು. ವಿಮಾನದಲ್ಲಿ ಅದನ್ನು ಕೈಚೀಲದಲ್ಲಿಯೇ, ಎರಡು ರಟ್ಟಿನ ನಡುವೆ ಒಯ್ಯಬೇಕು, ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ ಬಾಗಿಹೋಗುತ್ತದೆ. ಗಾಯಕರು ಮೇಜಿನ ಬಳಿಗೆ ತಾವಾಗಿ ಬಂದರೆ ಎರಡು ಮಾತಾಡಿ, ಸಹಿ ಪಡೆದು, ಹಿಂದಿನವರಿಗೆ ಜಾಗ ಬಿಡಿ. ಬಾರದಿದ್ದರೆ ಹಿಂಬಾಗಿಲಲ್ಲಿ ಕಾಯುವುದು ಬೇಡ. ಅವರೂ ನಾಳೆ ಬೆಳಿಗ್ಗೆ ಇನ್ನೊಂದು ಊರಿಗೆ ಹೊರಡಬೇಕಾದವರು.

ಕೊನೆಯ ರೈಲಿಗೆ ಇಪ್ಪತ್ತು ನಿಮಿಷಕ್ಕಿಂತ ಕಡಿಮೆ ಉಳಿದಿದ್ದು ಸಭಿಕರು ಮತ್ತೆ ಕರೆದಾಗ ಹಾಡುವ ಕೊನೆಯ ಹಾಡು ಇನ್ನೂ ಬಾಕಿಯಿದ್ದರೆ, ರೈಲನ್ನು ಬಿಟ್ಟು ಟ್ಯಾಕ್ಸಿಗೆಂದು ಮೊದಲೇ ತೆಗೆದಿಟ್ಟ ಹಣ ಬಳಸಿ. ಟ್ಯಾಕ್ಸಿಯನ್ನು ಸಭಾಂಗಣದ ಎದುರಿಗೇ ಕರೆಸಿಕೊಳ್ಳಬೇಡಿ, ಎಲ್ಲರೂ ಅಲ್ಲಿಯೇ ಕರೆಯುತ್ತಿರುತ್ತಾರೆ, ಬೇಡಿಕೆ ಹೆಚ್ಚಿದಂತೆ ಆ್ಯಪ್‌ನಲ್ಲಿ ದರವೂ ಏರುತ್ತದೆ. ದೀಪಗಳಿರುವ ಮುಖ್ಯರಸ್ತೆಯಲ್ಲಿಯೇ ಎರಡು ಬೀದಿ ನಡೆದು ಅಲ್ಲಿಗೆ ಕರೆಸಿಕೊಂಡರೆ ಕಾಯುವ ಹೊತ್ತು ಕಡಿಮೆಯಾಗುತ್ತದೆ.